ಮಾಳೂರಿನ ಮನೆಯಲ್ಲೊಂದು ವಿಮಾನ ಯುದ್ಧ

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಯುದ್ಧ ನಡೆಯುತ್ತದೆ ಎಂದರೆ ಕೇಳಿದವರು ಅತ್ತೆ-ಸೊಸೆ ಜಗಳ ಇರಬೇಕೆಂದು ನಗುತ್ತಾರೆ. ಅದಲ್ಲ. ಇದು ವಿಮಾನ ಯುದ್ಧ. ಶನಿವಾರ ಇಶಾ ನಮಾಝ್ ಮುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು, ನನ್ನ ಮಗ ಮಧ್ಯರಾತ್ರಿ ಎದ್ದು ಕೂರುತ್ತಾನೆ. ಇಂಗ್ಲೆಂಡಿನಲ್ಲಿ ರಾತ್ರಿ ಎಂಟು ಗಂಟೆ ಎಂದರೆ ದೊಡ್ಡಮಳೂರಿನಲ್ಲಿ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಅವರು ವರ್ಷಕ್ಕೆರಡು ಬಾರಿ ಗಡಿಯಾರ ತಿರುಗಿಸಿಕೊಳ್ಳುತ್ತಾರೆ, ನಿದ್ದೆ ಕೆಡುವುದು ಮಾತ್ರ ನಮ್ಮದು.

ಮಕ್ಕಳು ಮೊಬೈಲ್ ಹಿಡಿದು ಢಂ ಢಂ ಎಂದು ಗುಂಡು ಹಾರಿಸುವ ಆಟ ಎಂದುಕೊಳ್ಳಬೇಡಿ. ಆ ಆಟಗಳ ಬಗ್ಗೆ ನನಗೆ ಸ್ವಲ್ಪವೂ ಸಹಾನುಭೂತಿ ಇಲ್ಲ. ಇದು ಬೇರೆಯೇ ಜಾತಿ. ಹಳೆಯ ಯುದ್ಧದ ಒಂದು ದಿನವನ್ನು ಆರಿಸಿಕೊಂಡು, ಆ ದಿನ ಯಾವ ವಿಮಾನ ದಳ ಎಲ್ಲಿತ್ತು, ಎಷ್ಟು ವಿಮಾನಗಳಿದ್ದವು, ಮೋಡ ಎಷ್ಟು ಎತ್ತರದಲ್ಲಿತ್ತು ಎಂಬುದನ್ನೆಲ್ಲ ಪುಸ್ತಕಗಳಿಂದ ಹುಡುಕಿ ತೆಗೆದು, ಅದರಂತೆಯೇ ಕಂಪ್ಯೂಟರಿನಲ್ಲಿ ರಂಗ ಸಜ್ಜುಗೊಳಿಸುತ್ತಾರೆ. ಹತ್ತಾರು ದೇಶಗಳ ಜನ ಅವರವರ ಮನೆಯಲ್ಲಿ ಕುಳಿತು ಒಂದೇ ಆಕಾಶದಲ್ಲಿ ಹಾರುತ್ತಾರೆ. ಒಂದು ರಾತ್ರಿಗೆ ಮುಗಿಯುವುದಿಲ್ಲ, ನಾಲ್ಕೈದು ವಾರ ನಡೆಯುತ್ತದೆ. ಮೊದಲ ವಾರ ಕಳೆದುಕೊಂಡ ವಿಮಾನ ಎರಡನೆಯ ವಾರ ಲೆಕ್ಕದಲ್ಲಿ ಇರುವುದಿಲ್ಲ. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲೇ ದೂರವಾಣಿ ತಂತಿಯ ಮೂಲಕ ಹೀಗೆ ಆಡುವವರಿದ್ದರಂತೆ. 2001ರಲ್ಲಿ ರಷ್ಯಾದವರು ತಮ್ಮ ಹಳೆಯ ಯುದ್ಧವಿಮಾನವೊಂದರ ಹೆಸರಿಟ್ಟು 'ಐಎಲ್-2' ಎಂಬ ಆಟ ತಂದ ಮೇಲೆ ಇದರ ಹುಚ್ಚು ಹೆಚ್ಚಿತು. ಮಗ ಆಡುವುದು ಅದೇ ಸರಣಿಯ ಹೊಸ ಆಟವನ್ನು.

ಇದರಲ್ಲಿ ನನಗೆ ಹಿಡಿಸಿದ ನಿಯಮ ಒಂದಿದೆ. ಒಬ್ಬನಿಗೆ ಒಂದು ರಾತ್ರಿಗೆ ಒಂದೇ ಜೀವ. ವಿಮಾನ ಬಿದ್ದರೆ ಎದ್ದು ಹೋಗಿ ಮಲಗಬೇಕು. ಗುಂಡಿ ಒತ್ತಿ ಮತ್ತೆ ಹುಟ್ಟಿ ಬರುವ ಹಾಗಿಲ್ಲ. ಹೀಗಾಗಿ ಹುಡುಗರು ಶೂರತನ ತೋರಿಸುವುದಕ್ಕಿಂತ ಜೀವ ಉಳಿಸಿಕೊಂಡು ಮನೆ ಸೇರುವುದನ್ನೇ ನೋಡುತ್ತಾರೆ. ಇಂಧನ ಎಷ್ಟಿದೆ, ಎಂಜಿನ್ ಬಿಸಿಯಾಗುತ್ತಿದೆಯೇ, ಸೂರ್ಯ ಬೆನ್ನ ಹಿಂದಿದ್ದಾನೆಯೇ ಎಂಬ ಚಿಂತೆಯಲ್ಲೇ ಎರಡು ಗಂಟೆ ಕಳೆಯುತ್ತದೆ. ಗುಂಡು ಹಾರಿಸುವುದು ಇಡೀ ರಾತ್ರಿಯಲ್ಲಿ ಕೆಲವು ಸೆಕೆಂಡು ಮಾತ್ರ. ಎಷ್ಟೋ ವಾರ ಅದೂ ಇಲ್ಲ.

ನನ್ನ ಮಗನಿಗೆ ಚಿಕ್ಕಂದಿನಿಂದ ವಾಯುಪಡೆಗೆ ಸೇರುವ ಆಸೆ ಇತ್ತು. ಪಿ.ಯು.ಸಿ. ಆದ ಮೇಲೆ ಕಣ್ಣಿನ ತಪಾಸಣೆ ಮಾಡಿಸಿದಾಗ ಕೆಂಪು-ಹಸಿರು ಬಣ್ಣಗಳನ್ನು ಬೇರ್ಪಡಿಸುವ ಶಕ್ತಿ ಅವನ ಕಣ್ಣಿಗೆ ಕಡಿಮೆ ಎಂದು ತಿಳಿಯಿತು. ಹಾಗಿದ್ದವರನ್ನು ಪೈಲಟ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಔಷಧಿಯೂ ಇಲ್ಲ. ಆಟಿಕೆಗೆ ಬಣ್ಣ ಹಾಕುವ ಮನೆಯಲ್ಲಿ ಹುಟ್ಟಿದವನಿಗೆ ಇದು ಹದಿನೆಂಟು ವರ್ಷ ಗೊತ್ತಾಗದೆ ಹೋದದ್ದು ಹೇಗೆಂದು ಜನ ಕೇಳಿದರು. ಅರಗಿನ ಕಡ್ಡಿಗಳು ನಮ್ಮಲ್ಲಿ ಯಾವಾಗಲೂ ಒಂದೇ ಸಾಲಿನಲ್ಲಿ ಇರುತ್ತವೆ. ಅವನು ಬಣ್ಣ ನೋಡಿ ತೆಗೆದುಕೊಳ್ಳುತ್ತಿರಲಿಲ್ಲ, ಜಾಗ ನೋಡಿ ತೆಗೆದುಕೊಳ್ಳುತ್ತಿದ್ದ. ಈಗ ಅವನು ಡಿಪ್ಲೊಮಾ ಮುಗಿಸಿ ಬಿಡದಿಯ ಕಡೆ ಕೆಲಸಕ್ಕೆ ಹೋಗುತ್ತಾನೆ. ವಾರದ ಆರು ದಿನ ದುಡಿದು ಸಂಬಳ ತಂದುಕೊಡುವವನು ಒಂದು ರಾತ್ರಿ ಹಾರುತ್ತೇನೆ ಎಂದರೆ ಬೇಡ ಎನ್ನಲು ನನಗೆ ಕಾರಣ ಕಾಣಲಿಲ್ಲ. ಫಜ್ರ್ ತಪ್ಪಬಾರದು ಎಂಬುದೊಂದೇ ಷರತ್ತು. ರಮಝಾನಿನಲ್ಲಿ ಅದೂ ಸುಲಭ. ಅವನು ವಿಮಾನ ಇಳಿಸುವ ಹೊತ್ತಿಗೆ ನಾವು ಸಹರಿಗೆ ಒಲೆ ಹಚ್ಚುತ್ತಿರುತ್ತೇವೆ.

ನಮ್ಮ ಯಜಮಾನರದು ಮರದ ಆಟಿಕೆಯ ಕಸುಬು. ಮನೆಯ ಹಿಂದೆ ಎರಡು ಲೇತ್ ಇವೆ. ಇಲ್ಲಿನ ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ತೊಟ್ಟಿಲು ಹರಕೆ ಹೊರುವುದು ನಿಮಗೆ ಗೊತ್ತಿರಬಹುದು. ಅಂಥ ಪುಟ್ಟ ತೊಟ್ಟಿಲುಗಳಿಗೆ ಕಂಬ, ಗಿಲಕಿಗಳನ್ನು ಕಡೆದುಕೊಡುವುದೂ ಅವರ ಕೆಲಸದಲ್ಲಿ ಸೇರಿದೆ. ಮಗ ಕೊಂಡ ಅಗ್ಗದ ಜಾಯ್‌ಸ್ಟಿಕ್ಕಿನ ಹಿಡಿಕೆ ಮುರಿದಾಗ ಅವರೇ ಆಲೆ ಮರದ ತುಂಡೊಂದನ್ನು ಕಡೆದು, ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸಿ ಹೊಸ ಹಿಡಿಕೆ ಕೂರಿಸಿದರು. ಹಳದಿ ಬಣ್ಣ ಹಾಕಿದ್ದಾರೆ, ಮಗನಿಗೆ ಚೆನ್ನಾಗಿ ಕಾಣುವ ಬಣ್ಣ ಅದು. ತಲೆ ತಿರುಗಿಸಿದಂತೆ ಪರದೆಯ ನೋಟವೂ ತಿರುಗಲು ಟೋಪಿಗೆ ಮೂರು ಸಣ್ಣ ದೀಪ ಸಿಕ್ಕಿಸಿ ಕ್ಯಾಮೆರಾ ಮುಂದೆ ಕೂರುವ ಉಪಾಯವೊಂದಿದೆ. ಅದಕ್ಕೆ ಅವನು ನಮಾಝಿನ ಟೋಪಿಗೆ ಕೈ ಹಾಕಿದಾಗ ದಾದಿ ಗದರಿಸಿ, ಹಳೆಯ ಕ್ರಿಕೆಟ್ ಟೋಪಿ ಹುಡುಕಿಕೊಟ್ಟರು.

ಕಷ್ಟ ಇರುವುದು ಕರೆಂಟಿನದು. ಆಕಾಶದಲ್ಲಿರುವಾಗ ಕರೆಂಟ್ ಹೋದರೆ ವಿಮಾನ ಬಿದ್ದಂತೆಯೇ ಲೆಕ್ಕ. ಯು.ಪಿ.ಎಸ್. ತಂದ ಮೇಲೆ ಕಂಪ್ಯೂಟರ್ ಉಳಿಯಿತು, ಇಂಟರ್‌ನೆಟ್ ಪೆಟ್ಟಿಗೆ ಆರಿತು. ಅದಕ್ಕೆ ಇನ್ನೊಂದು ಬ್ಯಾಟರಿ. ಇಷ್ಟಾದರೂ ನಮ್ಮೂರಿನಿಂದ ಯುರೋಪಿಗೆ ಸಂದೇಶ ಹೋಗಿ ಬರಲು ಹಿಡಿಯುವ ಕ್ಷಣದ ಭಾಗದಲ್ಲೇ ಎದುರಿನ ವಿಮಾನ ಇದ್ದಲ್ಲಿಂದ ಅಲ್ಲಿಗೆ ಕುಪ್ಪಳಿಸಿದಂತೆ ಕಾಣುತ್ತದಂತೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಡಿಯೆಪ್ ಎಂಬ ಊರಿನ ಮೇಲಿನ ದಾಳಿಯನ್ನು ಮರುಸೃಷ್ಟಿಸುವ ಆಟಕ್ಕೆ ಹೆಸರು ಕೊಡುವಾಗ ಮಗ ದಳಗಳ ಪಟ್ಟಿಯನ್ನು ಓದುತ್ತಾ ಕೂಗಿಕೊಂಡ. "ಅಮ್ಮೀ, ಇಲ್ಲಿ ಮೈಸೂರು ಇದೆ!" ನಾನು ನಂಬಲಿಲ್ಲ. ನೋಡಿದರೆ ನಿಜವಾಗಿಯೂ ಇತ್ತು. ಬ್ರಿಟಿಷ್ ವಾಯುಪಡೆಯ 129ನೇ ದಳದ ಹೆಸರೇ 'ಮೈಸೂರು ದಳ'. 1941ರ ಜೂನ್ ತಿಂಗಳಲ್ಲಿ ಕಟ್ಟಿದ್ದು. ಮೈಸೂರು ಸಂಸ್ಥಾನ ಯುದ್ಧಕ್ಕೆಂದು ಕೊಟ್ಟ ಹಣದಿಂದ ವಿಮಾನಗಳು ಬಂದದ್ದರಿಂದ ಆ ಹೆಸರು. ದಳದ ಲಾಂಛನ ನಮ್ಮ ಗಂಡಭೇರುಂಡ! ಬಸ್ಸಿನ ಮೇಲೂ ಸರಕಾರಿ ಕಾಗದದ ಮೇಲೂ ದಿನಾ ನೋಡುವ ಆ ಎರಡು ತಲೆಯ ಹಕ್ಕಿ ಇಂಗ್ಲೆಂಡಿನ ಸ್ಪಿಟ್‌ಫೈರ್ ದಳವೊಂದರ ಗುರುತಾಗಿತ್ತು ಎಂದು ನಮ್ಮ ಶಾಲೆಯ ಪಾಠದಲ್ಲಿ ಯಾರೂ ಹೇಳಿರಲಿಲ್ಲ. ಹೈದರಾಬಾದಿನ ನಿಜಾಮರ ಹೆಸರಿನ ದಳಗಳೂ ಇದ್ದವು. ಸಂಸ್ಥಾನದ ಹಣ ಎಂದರೆ ಯಾರ ಹಣ? ಚನ್ನಪಟ್ಟಣ, ಮಾಗಡಿ, ಕನಕಪುರದ ರೈತರು ಕಟ್ಟಿದ ಕಂದಾಯವೂ ಅದರಲ್ಲಿ ಇತ್ತು ತಾನೆ?

ಮಗ 129ನೇ ದಳಕ್ಕೇ ಹೆಸರು ಕೊಟ್ಟ. ಆ ದಳದಲ್ಲಿ ಉಳಿದವರು ಒಬ್ಬ ಪೋಲೆಂಡಿನವನು, ಇಬ್ಬರು ಇಂಗ್ಲಿಷರು, ಕೆನಡಾದ ನಿವೃತ್ತ ಮೇಷ್ಟ್ರು ಒಬ್ಬರು. ಮೈಸೂರು ದಳದಲ್ಲಿ ಮೈಸೂರಿನವನು ಇವನೊಬ್ಬನೇ.

ಡಿಯೆಪ್ ಫ್ರಾನ್ಸಿನ ಕಡಲತೀರದ ಊರು. 1942ರ ಆಗಸ್ಟ್ 19ರಂದು ಸುಮಾರು ಆರು ಸಾವಿರ ಸೈನಿಕರನ್ನು ಅಲ್ಲಿ ಇಳಿಸಿದರು. ಅವರಲ್ಲಿ ಐದು ಸಾವಿರದಷ್ಟು ಮಂದಿ ಕೆನಡಾದವರು. ಬೆಳಗ್ಗೆ ಇಳಿದವರು ಮಧ್ಯಾಹ್ನದ ಹೊತ್ತಿಗೆ ಸೋತು ಹಿಂದಕ್ಕೆ ಹೋದರು. ಕೆನಡಾದವರೇ 900ಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು ಎರಡು ಸಾವಿರ ಮಂದಿ ಸೆರೆಯಾದರು. ಮೇಲೆ ಆಕಾಶದಲ್ಲಿ ಅದೇ ಒಂದು ದಿನ ಬ್ರಿಟಿಷರು ನೂರರಷ್ಟು ವಿಮಾನಗಳನ್ನು ಕಳೆದುಕೊಂಡರು, ಜರ್ಮನರು ಅದರ ಅರ್ಧದಷ್ಟು. ಜರ್ಮನರ ಫೋಕೆ-ವುಲ್ಫ್ ವಿಮಾನ ಆಗಿನ ಬಹುತೇಕ ಸ್ಪಿಟ್‌ಫೈರ್‌ಗಳಿಗಿಂತ ವೇಗದ್ದು. ಜತೆಗೆ ಕಡಲು ದಾಟಿ ಹೋಗಿ ಬರಬೇಕಾದ್ದರಿಂದ ಸ್ಪಿಟ್‌ಫೈರಿನ 85 ಗ್ಯಾಲನ್ ಇಂಧನದಲ್ಲಿ ಡಿಯೆಪ್ ಮೇಲೆ ಇರಲು ಸಿಗುತ್ತಿದ್ದ ಸಮಯ ಬಹಳ ಕಡಿಮೆ. ಸೋಲುವ ದಿನವನ್ನು ಯಾಕೆ ಆರಿಸಿಕೊಂಡಿರಿ ಎಂದು ನಾನು ಕೇಳಿದೆ. ಕೆನಡಾದ ಮೇಷ್ಟ್ರ ಊರಿನವರು ಅಲ್ಲಿ ಸತ್ತಿದ್ದರಂತೆ. ಪ್ರತಿ ಆಟದ ಮೊದಲು ಅವರು ಒಂದು ನಿಮಿಷ ಸುಮ್ಮನಿರಲು ಹೇಳುತ್ತಾರೆ. ನಲವತ್ತು ಐವತ್ತು ಮನೆಗಳ ಮೈಕು ಒಟ್ಟಿಗೆ ಸುಮ್ಮನಾಗುತ್ತವೆ.

ಈ ಎಲ್ಲದರಲ್ಲಿ ನನ್ನ ಅತ್ತೆಯ ಗಮನ ಸೆಳೆದದ್ದು ಪ್ಯಾರಾಚೂಟು. ಅವರು ಅದನ್ನು ಛತ್ರಿ ಎನ್ನುತ್ತಾರೆ. ಒಂದು ರಾತ್ರಿ ಪರದೆಯ ಮೇಲೆ ಉರಿಯುವ ವಿಮಾನದಿಂದ ಬಿಳಿ ಛತ್ರಿಯೊಂದು ಬಿಚ್ಚಿಕೊಂಡದ್ದನ್ನು ಕಂಡು, "ಅದು ನಮ್ಮ ಅಮ್ಮನ ರೇಷ್ಮೆ" ಎಂದರು. ಅವರ ತಾಯಿ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದವರು. ಕುದಿಯುವ ನೀರಿನಲ್ಲಿ ಗೂಡು ಹಾಕಿ, ಬೆರಳಿನಿಂದ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಸೇರಿಸಿ ಚರಕಕ್ಕೆ ಕೊಡುವ ಕೆಲಸ. ಬೆರಳ ತುದಿಗಳು ಬೆಂದು ಬಿಳುಚಿಕೊಂಡಿರುತ್ತಿದ್ದವಂತೆ. ಅನ್ನ ಕಲಸುವಾಗ ಉಪ್ಪು ತಾಗಿದರೆ ಉರಿ. ಜಪಾನಿನ ರೇಷ್ಮೆ ನಿಂತುಹೋದ ಮೇಲೆ ಪ್ಯಾರಾಚೂಟಿಗಾಗಿ ಮೈಸೂರು ರೇಷ್ಮೆಗೆ ಬೇಡಿಕೆ ಏರಿದ್ದು ಚರಿತ್ರೆಯಲ್ಲೇ ಇದೆ. ಯುದ್ಧ ನಡೆದಷ್ಟು ಕಾಲ ಕೆಲಸಕ್ಕೆ ಬರ ಇರಲಿಲ್ಲ, ಯುದ್ಧ ಮುಗಿದ ಮೇಲೆ ಗೂಡಿನ ಬೆಲೆ ಬಿದ್ದು ಮನೆಯಲ್ಲಿ ಮುದ್ದೆಗೂ ಕಷ್ಟವಾಯಿತು ಎಂದು ಅವರ ತಾಯಿ ಹೇಳುತ್ತಿದ್ದರಂತೆ. ನನ್ನ ಅತ್ತೆಯೂ ಮದುವೆಯ ನಂತರ ಎಷ್ಟೋ ವರ್ಷ ಅದೇ ಕೆಲಸ ಮಾಡಿದವರು. ಇವತ್ತಿಗೂ ಅವರ ಬೆರಳಿಗೆ ಬಿಸಿ ಲೋಟದ ಬಿಸಿ ತಿಳಿಯುವುದಿಲ್ಲ.

ಮಗ ಆಗ ಇನ್ನೊಂದು ವಿಷಯ ಹೇಳಿದ. ಪ್ಯಾರಾಚೂಟಿನಿಂದ ಜೀವ ಉಳಿಸಿಕೊಂಡ ಪೈಲಟ್‌ಗಳಿಗಾಗಿ 1922ರಲ್ಲಿ ಪ್ಯಾರಾಚೂಟ್ ತಯಾರಕ ಲೆಸ್ಲಿ ಇರ್ವಿನ್ ಒಂದು ಕೂಟ ಕಟ್ಟಿದ. ಅದರ ಹೆಸರು 'ಕ್ಯಾಟರ್‌ಪಿಲ್ಲರ್ ಕ್ಲಬ್' ಅಂದರೆ ಹುಳುವಿನ ಕೂಟ. ಸದಸ್ಯರಿಗೆ ಕೊಡುತ್ತಿದ್ದ ಬಿಲ್ಲೆ ಬಂಗಾರದ ಒಂದು ಪುಟ್ಟ ರೇಷ್ಮೆ ಹುಳು! ಅತ್ತೆ ಇದನ್ನು ಕೇಳಿ ಎಷ್ಟು ನಕ್ಕರೆಂದರೆ ಕೆಮ್ಮು ಬಂತು. "ಹುಳುವಿಗೆ ಬಿಲ್ಲೆ ಕೊಟ್ಟರಲ್ಲ, ನೂಲು ಬಿಚ್ಚಿದವಳಿಗೆ ಏನು ಕೊಟ್ಟರು?" ಎಂದರು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೂ ನಮ್ಮ ಮನೆಯಲ್ಲಿ ಇರಲಿಲ್ಲ.

ಈಗ ಮಗಳ ವಿಷಯ. ಅವಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಈ ಆಟಗಳಲ್ಲಿ ಹಾರುವವರಲ್ಲದೆ ನೆಲದ ಮೇಲೆ ಕುಳಿತು ದಾರಿ ಹೇಳುವ ಒಬ್ಬರಿರುತ್ತಾರೆ. ಕಂಟ್ರೋಲರ್ ಎನ್ನುತ್ತಾರೆ. ಆ ಒಬ್ಬರ ಮುಂದೆ ಮಾತ್ರ ರಾಡಾರಿನ ನಕ್ಷೆ ಇರುತ್ತದೆ. ಶತ್ರು ಎಲ್ಲಿದ್ದಾನೆ, ಎಷ್ಟು ಎತ್ತರ, ಯಾರ ಇಂಧನ ಮುಗಿಯುತ್ತಿದೆ, ಯಾರನ್ನು ಮನೆಗೆ ಕಳಿಸಬೇಕು ಎಂಬುದನ್ನೆಲ್ಲ ಗಾಬರಿಯಾಗದೆ ಹೇಳಬೇಕು. ಡಿಯೆಪ್ ಆಟದ ಕಂಟ್ರೋಲರ್ ಕೆಲಸದ ನಿಮಿತ್ತ ಬಿಟ್ಟುಹೋದಾಗ ಮಗ ತಂಗಿಯ ಹೆಸರು ಹೇಳಿದ. ಪಕ್ಕದಲ್ಲಿ ಕುಳಿತು ಓದುತ್ತಾ ಅವಳಿಗೆ ಆ ಭಾಷೆಯೆಲ್ಲ ಬಾಯಿಪಾಠವಾಗಿತ್ತು. ಇಂಗ್ಲಿಷೂ ಇವನಿಗಿಂತ ಚೆನ್ನಾಗಿದೆ.

ಮನೆಯಲ್ಲಿ ನಿಜವಾದ ಯುದ್ಧ ಶುರುವಾದದ್ದು ಆಗ. ಹೆಣ್ಣುಮಗಳು ಅಪರಾತ್ರಿಯಲ್ಲಿ ಗುರುತಿಲ್ಲದ ಗಂಡಸರ ಕಿವಿಯಲ್ಲಿ ಮಾತಾಡುವುದೆಂದರೆ ಏನು? ನಮ್ಮವರ ತಮ್ಮ ಕೇಳಿದ ಕೂಡಲೇ ಎದ್ದು ನಿಂತರು. "ಭಾಭಿ, ನಾಳೆ ಇವಳಿಗೆ ಸಂಬಂಧ ನೋಡುವಾಗ ಯಾರಾದರೂ ಕೇಳಿದರೆ ಏನೆಂದು ಹೇಳುತ್ತೀರಿ?" ಎಂದರು. ಅವರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅವರಿಗೂ ಮೂವರು ಹೆಣ್ಣುಮಕ್ಕಳು. ಇಂಟರ್‌ನೆಟ್ಟಿನಲ್ಲಿ ಸಿಹಿ ಮಾತಿಗೆ ಮರುಳಾಗಿ ಕೆಟ್ಟ ಹುಡುಗಿಯರ ಕಥೆ ನಮ್ಮ ಸುತ್ತಲೂ ಇದೆ. ನಮ್ಮವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಲೇತ್ ಕಡೆ ಹೋದರು. ನಿರ್ಧಾರ ನನ್ನ ತಲೆಗೆ ಬಂತು.

ಮಗಳು ಅಳಲೂ ಇಲ್ಲ, ವಾದಿಸಲೂ ಇಲ್ಲ. ನೂರ್ ಇನಾಯತ್ ಖಾನ್ ಅವರ ಬಗ್ಗೆ ಓದಿದ್ದನ್ನು ನನಗೂ ಅತ್ತೆಗೂ ಹೇಳಿದಳು. ನಮ್ಮ ಟಿಪ್ಪು ಸುಲ್ತಾನರ ವಂಶದ ಹೆಣ್ಣುಮಗಳು. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಬೆಳೆದು ಮಕ್ಕಳಿಗೆ ಕಥೆ ಬರೆಯುತ್ತಿದ್ದವರು. 1940ರಲ್ಲಿ ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತರು. 1943ರ ಜೂನ್‌ನಲ್ಲಿ ಒಂದು ಬೆಳದಿಂಗಳ ರಾತ್ರಿ ಲೈಸಾಂಡರ್ ಎಂಬ ಪುಟ್ಟ ವಿಮಾನ ಅವರನ್ನು ಶತ್ರುವಿನ ವಶದಲ್ಲಿದ್ದ ಫ್ರಾನ್ಸಿನ ಹೊಲವೊಂದರಲ್ಲಿ ಇಳಿಸಿತು. ಜತೆಯವರೆಲ್ಲ ಸೆರೆಸಿಕ್ಕ ಮೇಲೂ ಸಂದೇಶ ಕಳಿಸುತ್ತಾ ತಿಂಗಳುಗಟ್ಟಲೆ ತಪ್ಪಿಸಿಕೊಂಡಿದ್ದರು. ಕೊನೆಗೆ ಯಾರೋ ಹಿಡಿದುಕೊಟ್ಟರು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ವಯಸ್ಸು ಮೂವತ್ತು. 1949ರಲ್ಲಿ ಜಾರ್ಜ್ ಕ್ರಾಸ್ ಕೊಟ್ಟರು.

ಕೇಳಿ ನನ್ನ ಕಣ್ಣು ತುಂಬಿತು. ಆದರೂ ಮಗಳಿಗೆ ಹೇಳಿದೆ, ಅದು ಅದು, ಇದು ಇದು. ಅವರು ಮಾಡಿದ್ದು ಆಟವಲ್ಲ. ನೂರ್ ಅವರ ಹೆಸರು ಹಿಡಿದು ನೀನು ಅನುಮತಿ ಕೇಳಬೇಡ, ನಿನ್ನ ಹೆಸರಿನಲ್ಲೇ ಕೇಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮೀ, ನನಗೆ ಈ ಕೆಲಸ ಚೆನ್ನಾಗಿ ಬರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ" ಎಂದಳು.

ನಾನು ಒಪ್ಪಿದೆ. ಷರತ್ತುಗಳಿದ್ದವು. ಹೆಸರು, ಊರು, ಫೋಟೊ ಯಾವುದೂ ಇಲ್ಲ, ಕರೆಯಲು ಒಂದು ಸಂಕೇತ ಮಾತ್ರ. ಕಿವಿಗೆ ಹೆಡ್‌ಫೋನ್ ಇಲ್ಲ, ಎಲ್ಲರಿಗೂ ಕೇಳುವಂತೆ ಸ್ಪೀಕರ್. ಬೇರೆಯಾಗಿ ಯಾರ ಜತೆಯೂ ಮಾತಿಲ್ಲ. ಕೋಣೆಯಲ್ಲಿ ನಾನಾಗಲೀ ದಾದಿಯಾಗಲೀ ಇರಬೇಕು. ಪರೀಕ್ಷೆಯ ತಿಂಗಳಲ್ಲಿ ಇಲ್ಲವೇ ಇಲ್ಲ. ಮಗಳನ್ನು ನಂಬದೆ ಹಾಕಿದ ಷರತ್ತುಗಳಲ್ಲ, ಆ ಕಡೆ ಇರುವವರ ಗುರುತು ನಮಗಿಲ್ಲದ್ದರಿಂದ ಹಾಕಿದ್ದು. ನಿಮ್ಮಲ್ಲಿ ಕೆಲವರಿಗೆ ಇದು ಹೆಚ್ಚಾಯಿತು ಎನಿಸಬಹುದು, ಕೆಲವರಿಗೆ ನಾನು ಒಪ್ಪಿದ್ದೇ ಹೆಚ್ಚಾಯಿತು ಎನಿಸಬಹುದು. ಮೈದುನ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಚಹಾ ಕುಡಿಯಲಿಲ್ಲ.

ಎರಡನೆಯ ವಾರವೇ ಒಬ್ಬ ಬಾಲ ಬಿಚ್ಚಿದ. ನಿನ್ನ ದನಿ ಸೊಗಸಾಗಿದೆ, ವಯಸ್ಸೆಷ್ಟು, ಯಾವ ದೇಶ ಎಂದು ಹಾರುತ್ತಲೇ ಕೇಳಿದ. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಮಗಳು, "ನಿಮ್ಮ ಇಂಧನ ಎಷ್ಟಿದೆ?" ಎಂದು ಕೇಳಿದಳು. ಹದಿನೈದು ಗ್ಯಾಲನ್ ಎಂದ. "ಹಾಗಾದರೆ ಉತ್ತರಕ್ಕೆ ತಿರುಗಿ ಮನೆಗೆ ಹೋಗಿ" ಎಂದಳು. ಅತ್ತೆಗೆ ಇದನ್ನು ನಾನು ದಕ್ಖನಿಯಲ್ಲಿ ಬಿಡಿಸಿ ಹೇಳಿದಾಗ ಅವರು ತೊಡೆ ತಟ್ಟಿಕೊಂಡು ನಕ್ಕರು. ಆಟ ನಡೆಸುವವರು ಅವನನ್ನು ಉಳಿದ ವಾರಗಳಿಗೆ ಹೊರಗಿಟ್ಟರು.

ನಾಲ್ಕನೆಯ ವಾರದ ರಾತ್ರಿ ಮಗನ ವಿಮಾನಕ್ಕೆ ಏಟು ಬಿತ್ತು. ಎಂಜಿನ್ನಿನಿಂದ ಬಿಳಿ ಹೊಗೆ. ಅಣ್ಣ ಪಕ್ಕದ ಮೇಜಿನಲ್ಲೇ ಇದ್ದಾನೆ, ಕೈ ಚಾಚಿದರೆ ಸಿಗುತ್ತಾನೆ. ಆದರೂ ಅವಳು ಅವನ ಕಡೆ ತಿರುಗಲಿಲ್ಲ. ನಕ್ಷೆಯನ್ನೇ ನೋಡುತ್ತಾ ದಿಕ್ಕು ಹೇಳಿದಳು, ಎತ್ತರ ಕೇಳಿದಳು, ಇನ್ನೆರಡು ನಿಮಿಷ ಎಳೆದರೆ ನಮ್ಮ ದೋಣಿಗಳಿರುವ ಕಡಲು ಸಿಗುತ್ತದೆ ಎಂದಳು. ನಿಯಮ ಹಾಗಿದೆ. ಶತ್ರುವಿನ ನೆಲದ ಮೇಲೆ ಹಾರಿಕೊಂಡರೆ ಸೆರೆ, ದೋಣಿಯ ಹತ್ತಿರ ಬಿದ್ದರೆ ಬದುಕಿದ ಎಂದು ಲೆಕ್ಕ. ಅವನು ಹಾರಿದ. ಛತ್ರಿ ಬಿಚ್ಚಿಕೊಂಡಿತು. ಅತ್ತೆ ತಸ್ಬೀಹ್ ಹಿಡಿದುಕೊಂಡೇ ಪರದೆಯ ಹತ್ತಿರಕ್ಕೆ ಬಂದು ಬಗ್ಗಿ ನೋಡುತ್ತಿದ್ದರು. ಅವನ ಆಟ ಮುಗಿಯಿತು. ಅವಳದು ಇನ್ನೂ ಮುಕ್ಕಾಲು ಗಂಟೆ ನಡೆಯಿತು. ಕೊನೆಯ ವಿಮಾನ ಇಳಿದ ಮೇಲೆ ಕೆನಡಾದ ಮೇಷ್ಟ್ರು, "ಕಂಟ್ರೋಲರ್, ನಿಮ್ಮಿಂದಾಗಿ ಇವತ್ತು ಏಳು ಮಂದಿ ಮನೆ ಸೇರಿದೆವು" ಎಂದರು. ಮಗನ ಹೆಸರಿನ ಮುಂದೆ ಒಂದು ಹುಳುವಿನ ಚಿತ್ರ ಬಂತು. ಅದನ್ನು ಪ್ರಿಂಟ್ ತೆಗೆಸಿ ದಾದಿಯ ಕೈಗೆ ಕೊಟ್ಟ. ಅವರು ಅದನ್ನು ಔಷಧಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.

ಇಷ್ಟೆಲ್ಲ ಮೆಚ್ಚಿ ಬರೆದರೂ ನನ್ನ ಮನಸ್ಸಿಗೆ ಒಪ್ಪದ್ದು ಒಂದಿದೆ. ಈ ಆಟದ ನೆಲದಲ್ಲಿ ಜನ ಇಲ್ಲ. ಊರುಗಳಿವೆ, ಬೀದಿಗಳಿವೆ, ಮಸೀದಿ-ಚರ್ಚುಗಳೂ ಇರಬಹುದು, ಹಿಟ್ಟು ನಾದುವ ಹೆಂಗಸು ಇಲ್ಲ. ಜರ್ಮನ್ ವಿಮಾನದ ಬಾಲದ ಮೇಲಿನ ಚಿಹ್ನೆಯನ್ನು ಕಾನೂನಿಗೆ ಹೆದರಿ ಅಳಿಸಿದ್ದಾರೆ, ಬಾಂಬನ್ನು ಅಳಿಸಿಲ್ಲ. 1940ರ ಸೆಪ್ಟೆಂಬರ್‌ನಿಂದ 1941ರ ಮೇ ತನಕ ಬ್ರಿಟನ್ನಿನಲ್ಲಿ ಬಾಂಬಿಗೆ ಸತ್ತ ನಾಗರಿಕರು 40,000ಕ್ಕೂ ಹೆಚ್ಚು. ಆಮೇಲೆ ಜರ್ಮನಿಯ ಊರುಗಳಲ್ಲಿ ಅದರ ಎಷ್ಟೋ ಪಟ್ಟು. ಗಾಝಾದ ಕುಸಿದ ಮನೆಗಳನ್ನು ಟಿ.ವಿ.ಯಲ್ಲಿ ನೋಡಿದ ಸಂಜೆಗಳಲ್ಲಿ ಮಗ ಕಂಪ್ಯೂಟರ್ ಹಚ್ಚಲಿಲ್ಲ. ನಾನು ಹೇಳಿರಲಿಲ್ಲ. ಆಮೇಲೆ ಮತ್ತೆ ಆಡತೊಡಗಿದಾಗ ಒಂದು ಮಾತು ಹೇಳಿದ, ಬಾಂಬರ್ ವಿಮಾನಕ್ಕೆ ನಾನು ಹೆಸರು ಕೊಡುವುದಿಲ್ಲ. ಫೈಟರ್ ಮಾತ್ರ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ, ಪರದೆಯ ಮೇಲಿನ ಊರಿನಲ್ಲಿ ಯಾರೂ ವಾಸವಿಲ್ಲ ಎಂದು ಅವನ ಗೆಳೆಯ ವಾದಿಸಿದನಂತೆ. "ಇಲ್ಲ ಅಂತ ಗೊತ್ತು, ಆದರೂ ಕೈ ಬರುವುದಿಲ್ಲ" ಎಂದನಂತೆ.

ಡಿಸೆಂಬರಿನಲ್ಲಿ ಸ್ಟಾಲಿನ್‌ಗ್ರಾಡಿನ ಆಟ ಶುರುವಾಗುತ್ತದೆ. ಮಗಳನ್ನು ಮತ್ತೆ ಕರೆದಿದ್ದಾರೆ. ಈ ಬಾರಿ ರಷ್ಯನ್ನರ ಕಡೆಗೆ, ಆರು ವಾರ. ಅವಳ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಇನ್ನೂ ಬಂದಿಲ್ಲ, ಬಂದ ಮೇಲೆ ನೋಡೋಣ ಎಂದಿದ್ದೇನೆ. ಮೈದುನ ಈಗ ಚಹಾ ಕುಡಿಯುತ್ತಾರೆ, ಆ ಮಾತು ಮಾತ್ರ ಎತ್ತುವುದಿಲ್ಲ. ಆ ತಿಂಗಳಲ್ಲಿ ಕಣ್ವಾ ಹೊಳೆಯ ಕಡೆಯಿಂದ ಬರುವ ಚಳಿಗಾಳಿಗೆ ನಮ್ಮ ಹಿಂದಿನ ಕೋಣೆಯಲ್ಲಿ ರಾತ್ರಿ ಕೂರಲಾಗುವುದಿಲ್ಲ. ಅತ್ತೆ ಆಗಲೇ ಟ್ರಂಕಿನಿಂದ ಎರಡು ರಜಾಯಿ ತೆಗೆಸಿ ಬಿಸಿಲಿಗೆ ಹಾಕಿಸಿದ್ದಾರೆ.